640 ಕಿಲೋಬೈಟಿನ ಎಲ್ಲೆ: ಡಾಸ್ ಕಾಲದ ಗಣಕಸ್ಮೃತಿಯ ಚರಿತ್ರೆ

ವೈಯಕ್ತಿಕ ಗಣಕಯಂತ್ರದ ಚರಿತ್ರೆಯನ್ನು ಕುರಿತ ಬರಹಗಳಲ್ಲಿ 640 ಕಿಲೋಬೈಟ್ ಎಂಬ ಸಂಖ್ಯೆ ಎಂ.ಎಸ್. ಡಾಸ್ ಕಾರ್ಯಾಚರಣಾ ವ್ಯವಸ್ಥೆಯ ದೋಷವೆಂಬಂತೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಮೂಲವನ್ನು ಪರಿಶೀಲಿಸಿದಾಗ ಈ ಆರೋಪ ಅರ್ಧಸತ್ಯವೆಂದು ತಿಳಿದುಬರುತ್ತದೆ. ಎಲ್ಲೆಯನ್ನು ಹಾಕಿದ್ದು ಯಂತ್ರದ ವಿನ್ಯಾಸ. ಅದನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಉಳಿಸಿದ್ದು ಹಳೆಯ ತಂತ್ರಾಂಶಗಳ ಮೇಲಿನ ಅವಲಂಬನೆ.

1981ರ ಆಗಸ್ಟ್‌ನಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಪಿ.ಸಿ.ಯಲ್ಲಿ ಇಂಟೆಲ್‌ನ 8088 ಸಂಸ್ಕಾರಕವಿತ್ತು. ಅದರ ವಿಳಾಸವಾಹಕ ತಂತಿಗಳು ಇಪ್ಪತ್ತು. ಆದುದರಿಂದ ಅದು ಗುರುತಿಸಬಲ್ಲ ಸ್ಮೃತಿ 10,48,576 ಬೈಟು, ಅಂದರೆ ಒಂದು ಮೆಗಾಬೈಟ್. ಇದನ್ನು 64 ಕಿಲೋಬೈಟಿನ ಹದಿನಾರು ಪಾಲುಗಳೆಂದು ಎಣಿಸಿದರೆ, ಕೆಳಗಿನ ಹತ್ತು ಪಾಲುಗಳನ್ನು ಐ.ಬಿ.ಎಂ. ವಿನ್ಯಾಸಕಾರರು ಕಾರ್ಯಾಚರಣಾ ವ್ಯವಸ್ಥೆಗೂ ಬಳಕೆದಾರರ ತಂತ್ರಾಂಶಗಳಿಗೂ ಬಿಟ್ಟುಕೊಟ್ಟರು. ಮೇಲಿನ ಆರು ಪಾಲು, ಎಂದರೆ 384 ಕಿಲೋಬೈಟ್, ಪರದೆಯ ಸ್ಮೃತಿ, ವಿಸ್ತರಣಾ ಕಾರ್ಡುಗಳು ಹಾಗೂ ಬಯೋಸ್‌ಗಾಗಿ ಮೀಸಲಾಯಿತು. ಅದಕ್ಕೆ ಹಿಂದಿನ 8 ಬಿಟ್ ಗಣಕಗಳ ಒಟ್ಟು ಸ್ಮೃತಿಯೇ ಸಾಮಾನ್ಯವಾಗಿ 64 ಕಿಲೋಬೈಟಿಗೆ ಸೀಮಿತವಾಗಿತ್ತು, ಮೊದಲ ಪಿ.ಸಿ.ಯ ಕನಿಷ್ಠ ಮಾದರಿಯಲ್ಲಂತೂ ಇದ್ದುದು ಕೇವಲ 16. ಹತ್ತು ಪಟ್ಟು ಧಾರಾಳವೆನಿಸಿದ್ದರೆ ಆಶ್ಚರ್ಯವಿಲ್ಲ.

ಎಲ್ಲೆ ಡಾಸ್‌ನದಲ್ಲ ಎಂಬುದಕ್ಕೆ ಅದೇ ಕಾಲದ ಬೇರೆ ಯಂತ್ರಗಳೇ ಸಾಕ್ಷಿ. ಎಂ.ಎಸ್. ಡಾಸ್ ಬಳಸುತ್ತಿದ್ದರೂ ಐ.ಬಿ.ಎಂ. ವಿನ್ಯಾಸವನ್ನು ಅನುಸರಿಸದ ವಿಕ್ಟರ್ 9000ದಲ್ಲಿ 896 ಕಿಲೋಬೈಟಿನವರೆಗೆ ಸ್ಮೃತಿಯನ್ನು ಅಳವಡಿಸಬಹುದಾಗಿತ್ತು. 640 ಕಿಲೋಬೈಟ್ ಯಾರಿಗಾದರೂ ಸಾಕೆಂದು ಬಿಲ್ ಗೇಟ್ಸ್ ನುಡಿದರೆಂಬ ಪ್ರತೀತಿಗೂ ಸಮಕಾಲೀನ ದಾಖಲೆಯ ಆಧಾರ ದೊರೆತಿಲ್ಲ. ಅವರೇ ಅದನ್ನು ನಿರಾಕರಿಸಿದ್ದಾರೆ.

ಪರದೆಗೆ ಮೀಸಲಾದ ಭಾಗದ ಇನ್ನೊಂದು ಪರಿಣಾಮ ಭಾರತೀಯ ಭಾಷೆಗಳಿಗೆ ಸಂಬಂಧಿಸಿದುದು. ಡಾಸ್‌ನ ಪಠ್ಯವಿಧಾನದಲ್ಲಿ ಈ ಸ್ಮೃತಿಯಲ್ಲಿ ಇರುತ್ತಿದ್ದುದು ಅಕ್ಷರದ ಸಂಕೇತಸಂಖ್ಯೆ ಮತ್ತು ಬಣ್ಣ ಮಾತ್ರ; ಆಕಾರವನ್ನು ಒದಗಿಸುತ್ತಿದ್ದುದು ಪರದೆ ಕಾರ್ಡಿನ 256 ಚಿಹ್ನೆಗಳ ಸಿದ್ಧ ಪಟ್ಟಿ. ಅದರಲ್ಲಿ ಕನ್ನಡವಿರಲಿಲ್ಲ. ಗ್ರಾಫಿಕ್ಸ್ ವಿಧಾನದಲ್ಲಿ ಒತ್ತಕ್ಷರಗಳನ್ನು ಚಿತ್ರಿಸುವ ತಂತ್ರಾಂಶವು ತನ್ನ ಅಕ್ಷರರೂಪಗಳಿಗೂ ಆ 640ರಲ್ಲೇ ಜಾಗ ಹುಡುಕಬೇಕಿತ್ತು. ಐ.ಐ.ಟಿ. ಕಾನ್ಪುರದಲ್ಲಿ ಮೊಳೆತು ಸಿ-ಡ್ಯಾಕ್ ಮುಂದುವರಿಸಿದ ಜಿಸ್ಟ್ ಕಾರ್ಡು ಈ ಹೊಣೆಯನ್ನು ಪ್ರತ್ಯೇಕ ಯಂತ್ರಾಂಶಕ್ಕೆ ವಹಿಸಿತು.

1983ರಲ್ಲಿ ಬಂದ ಲೋಟಸ್ 1-2-3 ಇಡೀ ಲೆಕ್ಕಪತ್ರವನ್ನು ಸ್ಮೃತಿಯಲ್ಲೇ ಇರಿಸಿಕೊಳ್ಳುತ್ತಿತ್ತು. ಲೆಕ್ಕ ಬೆಳೆದಂತೆ ಜಾಗ ಮುಗಿಯಿತು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಕೂಡಿ ರೂಪಿಸಿದ ‘ಎಕ್ಸ್‌ಪ್ಯಾಂಡೆಡ್ ಮೆಮೊರಿ’ ಕ್ರಮ ಇದಕ್ಕೊಂದು ಉಪಾಯ. ಮೀಸಲು ಪ್ರದೇಶದ 64 ಕಿಲೋಬೈಟ್ ಕಿಟಕಿಯೊಂದರಲ್ಲಿ 16 ಕಿಲೋಬೈಟಿನ ನಾಲ್ಕು ಪುಟಗಳನ್ನು ಬದಲಾಯಿಸುತ್ತ, ಬೇರೆ ಕಾರ್ಡಿನ ಮೇಲಿದ್ದ ಸ್ಮೃತಿಯನ್ನು ತುಣುಕುತುಣುಕಾಗಿ ನೋಡುವ ವಿಧಾನವದು. ದೊಡ್ಡ ಗ್ರಂಥವನ್ನು ಕಿರಿದಾದ ಮೇಜಿನ ಮೇಲೆ ನಾಲ್ಕು ನಾಲ್ಕು ಹಾಳೆ ಹರಡಿ ಓದಿದಂತೆ.

ಅಷ್ಟರಲ್ಲಿ ಸಂಸ್ಕಾರಕವೇ ಮುಂದೆ ಸಾಗಿತ್ತು. 1982ರ 80286ಕ್ಕೆ 16 ಮೆಗಾಬೈಟ್ ನಿಲುಕುತ್ತಿತ್ತು. ಆದರೆ ಡಾಸ್ ಅದನ್ನು ಹಳೆಯ 8088ರಂತೆಯೇ ನಡೆಸುತ್ತಿತ್ತು. ಡಾಸ್‌ನ ಪಾಲಿನ ಹೊಣೆ ಇಲ್ಲಿದೆ. 8088ರಲ್ಲಿ ಒಂದು ಮೆಗಾಬೈಟನ್ನು ದಾಟಿದ ವಿಳಾಸ ಸೊನ್ನೆಗೆ ಮರಳುತ್ತಿತ್ತು. ಕೆಲವು ತಂತ್ರಾಂಶಗಳು ಇದನ್ನೇ ನಂಬಿದ್ದವು. ಅವು ಕೆಡದಿರಲೆಂದು 1984ರ ಪಿ.ಸಿ. ಎ.ಟಿ.ಯಲ್ಲಿ ಐ.ಬಿ.ಎಂ. ಇಪ್ಪತ್ತೊಂದನೆಯ ತಂತಿಗೆ ‘ಎ20’ ಎಂಬ ದ್ವಾರವನ್ನಿರಿಸಿ, ಅದರ ನಿಯಂತ್ರಣವನ್ನು ಕೀಲಿಮಣೆಯ ನಿಯಂತ್ರಕಕ್ಕೆ ಕೊಟ್ಟಿತು! ಈ ದ್ವಾರವನ್ನು ತೆರೆದರೆ ಮೆಗಾಬೈಟಿನಾಚೆ 65,520 ಬೈಟುಗಳು ಡಾಸ್‌ಗೂ ದಕ್ಕುತ್ತಿದ್ದವು. 1991ರ ಎಂ.ಎಸ್. ಡಾಸ್ 5.0 ತನ್ನ ಬಹುಭಾಗವನ್ನು ಅಲ್ಲಿಗೆ ಸಾಗಿಸಿ ಕೆಳಗಿನ ಜಾಗವನ್ನು ತೆರವುಗೊಳಿಸಿತು. ಬಳಕೆದಾರರು ಕಾನ್‌ಫಿಗ್.ಸಿಸ್ ಕಡತದ ಸಾಲುಗಳನ್ನು ಹಿಂದುಮುಂದು ಮಾಡುತ್ತ ಒಂದೆರಡು ಕಿಲೋಬೈಟಿಗಾಗಿ ಹೆಣಗಿದ ಕಾಲವಿದು.

1995ರ ವಿಂಡೋಸ್ 95ರಲ್ಲಿ 32 ಬಿಟ್ ತಂತ್ರಾಂಶಗಳಿಗೆ ಈ ಎಲ್ಲೆ ಅನ್ವಯಿಸಲಿಲ್ಲ. ಅದರೊಳಗೇ ನಡೆಯುತ್ತಿದ್ದ ಡಾಸ್ ತಂತ್ರಾಂಶಗಳಿಗೆ ಮಾತ್ರ 640 ಹಾಗೆಯೇ ಉಳಿಯಿತು.