ಹಳೆಯ ಫೋರ್ ವೀಲ್ ಡ್ರೈವ್ ವಾಹನ: ಕೊಳ್ಳುವ ಮುನ್ನ

ಊರಿನ ತೋಟಕ್ಕೆಂದು ಮುಂಬಯಿ, ಪುಣೆಗಳಲ್ಲಿ ಹಳೆಯ ಜಿಪ್ಸಿಯನ್ನೋ ಬೊಲೆರೊ ಕ್ಯಾಂಪರ್ ಪಿಕಪ್ಪನ್ನೋ ಹುಡುಕುವವರಿದ್ದಾರೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ 2019ರಲ್ಲಿ ಖಾಸಗಿ ಗ್ರಾಹಕರ ಪಾಲಿಗೆ ನಿಂತುಹೋದುದರಿಂದ ಸುಸ್ಥಿತಿಯಲ್ಲಿರುವುದು ಸಿಗುವುದು ದುರ್ಲಭ.

ಬಣ್ಣಕ್ಕೆ ಮರುಳಾಗದೆ ಮೊದಲು ಕೆಳಗೆ ಬಗ್ಗಿ ಚಾಸಿಯನ್ನು ನೋಡಬೇಕು. ಕರಾವಳಿಯ ಉಪ್ಪುಗಾಳಿಗೆ ಚಾಸಿ ಬೇಗ ತುಕ್ಕು ಹಿಡಿಯುತ್ತದೆ. ಹೊಸದಾಗಿ ಬಳಿದ ಕಪ್ಪು ಬಣ್ಣದಡಿ ವೆಲ್ಡಿಂಗ್ ಗುರುತು ಅಡಗಿರಬಹುದು. ಟ್ರಾನ್ಸ್‌ಫರ್ ಕೇಸ್ ಹಾಗೂ ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆಯೆಂದು ತಿಳಿಯಬೇಕು. ನಾಲ್ಕೂ ಟಯರುಗಳು ಒಂದೇ ಅಳತೆಯವಾಗಿರಲಿ.

ಇಂಥ ವಾಹನಗಳ ನಾಲ್ಕು ಚಕ್ರಗಳ ಚಾಲನೆಯನ್ನು ಒಣ ಡಾಂಬರು ರಸ್ತೆಯಲ್ಲಿ ಪರೀಕ್ಷಿಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಬೇಕು. ಜಾರಲು ಆಸ್ಪದವಿಲ್ಲದಿದ್ದರೆ ಆ ಸೆಳೆತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮಣ್ಣಿನ ಏರಿನಲ್ಲಿ 4ಎಚ್, 4ಎಲ್ ಎರಡರಲ್ಲಿಯೂ ಓಡಿಸಿ ನೋಡಿ. ಲಿವರ್ ತಾನಾಗಿ ಹೊರಬಿದ್ದರೆ ದೊಡ್ಡ ಖರ್ಚು ಕಾದಿದೆ.

ಇನ್ನು ಕಾಗದಪತ್ರಗಳು. ಬ್ಯಾಂಕಿನವನಾದ ನನಗೆ ಇಂಜಿನ್ನಿಗಿಂತ ಇವುಗಳದೇ ಹೆಚ್ಚು ಭಯ! ಆರ್‌ಸಿಯಲ್ಲಿ ಹೈಪೋಥಿಕೇಷನ್ ನಮೂದಾಗಿದ್ದರೆ ‘ಸಾಲ ತೀರಿದೆ’ ಎಂಬ ಬಾಯಿಮಾತು ಸಾಲದು. ಸಾಲ ಕೊಟ್ಟವರ ಸಹಿಯುಳ್ಳ ಫಾರಂ 35 ಬೇಕು. ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30. ಕರ್ನಾಟಕಕ್ಕೆ ಒಯ್ದು ನೋಂದಾಯಿಸಲು ಫಾರಂ 28ರ ನಿರಾಕ್ಷೇಪಣಾ ಪತ್ರ. ಅಲ್ಲಿನ ರಸ್ತೆ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿದೇ ಚೌಕಾಶಿ ಮಾಡಬೇಕು. ಚಾಸಿ ಸಂಖ್ಯೆಯನ್ನು ಲೋಹದ ಮೇಲೆಯೇ ಓದಿ ಆರ್‌ಸಿಯೊಡನೆ ತಾಳೆ ನೋಡಿ.

ನಿರಾಕ್ಷೇಪಣಾ ಪತ್ರ ಕೈಸೇರುವವರೆಗೆ ಹಣದ ಒಂದು ಪಾಲನ್ನು ಉಳಿಸಿಕೊಳ್ಳುವುದು ಕ್ಷೇಮ. ನನ್ನ ಪರಿಚಿತರೊಬ್ಬರು ಪೂರ್ತಿ ಹಣ ಕೊಟ್ಟು, ಆ ಒಂದು ಪತ್ರಕ್ಕಾಗಿ ಮಾರಿದವರ ಮನೆಗೆ ಎಂಟು ತಿಂಗಳು ಅಲೆದರು.