‘ಪಕ್ಕದ ಮನೆ’ ಅಂದರೆ ಯಾರ ಪಕ್ಕ? ನೋಡ್ ಜೆಎಸ್ ಫೈಲು ಹುಡುಕುವ ಕತೆ

ಯಾರಾದರೂ ‘ಪಕ್ಕದ ಮನೆ’ ಅಂದರೆ, ಹಾಗೆ ಹೇಳಿದವರ ಮನೆ ಎಲ್ಲಿದೆ ಅಂತ ನಾವು ಮೊದಲು ನೋಡುತ್ತೇವೆ. ಹೇಳುವವರು ಬದಲಾದರೆ ಪಕ್ಕದ ಮನೆಯೂ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ಒಂದು ಫೈಲು ಇನ್ನೊಂದನ್ನು ಕರೆಯುವುದೂ ಹೀಗೆಯೇ. ಕೋಡಿಂಗ್ ಕಲಿಯುವ ನಮ್ಮ ಹಳ್ಳಿ ಮಕ್ಕಳು ‘ಮಾಡ್ಯೂಲ್ ಸಿಗಲಿಲ್ಲ’ ಎಂಬ ಸಾಲು ಕಂಡು, ಇದು ನಮ್ಮಿಂದಾಗದು ಅಂತ ಕೈಚೆಲ್ಲುವುದುಂಟು. ಆ ಸಾಲಿನ ಹಿಂದೆ ಒಂದು ಇತಿಹಾಸವಿದೆ.

1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ರೂಪಿಸಿದಾಗ, ಒಂದು ಫೈಲು ಇನ್ನೊಂದನ್ನು ವಿಳಾಸ ಹೇಳಿ ಕರೆಯುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ವೆಬ್ ಪುಟಕ್ಕೆ ಸೇರಿಸಿದ ಫೈಲುಗಳೆಲ್ಲ ಒಂದೇ ಪಡಸಾಲೆಯಲ್ಲಿ ಕೂರುತ್ತಿದ್ದವು. ಒಂದೇ ಹೆಸರು ಎರಡು ಕಡೆ ಬಂದರೆ ಗೊಂದಲ. 2009ರ ಜನವರಿಯಲ್ಲಿ ಕೆವಿನ್ ಡ್ಯಾಂಗೂರ್ ಶುರುಮಾಡಿದ, ಮುಂದೆ ‘ಕಾಮನ್‌ಜೆಎಸ್’ ಎನಿಸಿಕೊಂಡ ಪ್ರಯತ್ನ ಇದಕ್ಕೊಂದು ನಿಯಮ ಕೊಟ್ಟಿತು. ಅದೇ ವರ್ಷ ರಯಾನ್ ಡಾಲ್ ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ತಂದರು. ಅದೂ ಇದೇ ಜಾಡು ಹಿಡಿಯಿತು.

ನಿಯಮ ಇಷ್ಟೆ. ವಿಳಾಸದ ಮೊದಲಿಗೆ ಒಂದು ಚುಕ್ಕಿ, ಓರೆಗೆರೆ ಇದ್ದರೆ ‘ನಾನಿರುವ ಫೋಲ್ಡರು’. ಎರಡು ಚುಕ್ಕಿ, ಓರೆಗೆರೆ ಇದ್ದರೆ ‘ಒಂದು ಮೆಟ್ಟಿಲು ಮೇಲಿನ ಫೋಲ್ಡರು’. ‘ನಾನು’ ಅಂದರೆ ಕರೆಯುತ್ತಿರುವ ಫೈಲು. ನೀವು ಯಾವ ಫೋಲ್ಡರಿನಲ್ಲಿ ನಿಂತು ಪ್ರೋಗ್ರಾಂ ಓಡಿಸಿದಿರಿ ಎಂಬುದು ಲೆಕ್ಕಕ್ಕಿಲ್ಲ.

ಹಳೆಯ ‘ರಿಕ್ವೈರ್’ ಪದ್ಧತಿ ಇನ್ನೂ ಒಂದು ಉಪಕಾರ ಮಾಡುತ್ತಿತ್ತು. ‘./ಹಾಲು’ ಎಂದಷ್ಟೇ ಬರೆದರೂ ಮೊದಲು ಅದೇ ಹೆಸರಿನ ಫೈಲು ನೋಡುತ್ತಿತ್ತು. ಇಲ್ಲದಿದ್ದರೆ ಹೆಸರಿಗೆ ಕ್ರಮವಾಗಿ ‘.ಜೆಎಸ್’, ‘.ಜೇಸನ್’, ‘.ನೋಡ್’ ಬಾಲ ಸೇರಿಸಿ ಹುಡುಕುತ್ತಿತ್ತು. ಅದೂ ಸಿಗದೆ ಆ ಹೆಸರಿನ ಫೋಲ್ಡರು ಇದ್ದರೆ ಒಳಹೊಕ್ಕು ‘ಪ್ಯಾಕೇಜ್ ಜೇಸನ್’ ಓದಿ, ಕೊನೆಗೆ ‘ಇಂಡೆಕ್ಸ್.ಜೆಎಸ್’ ಹುಡುಕುತ್ತಿತ್ತು. ಅರ್ಧ ವಿಳಾಸಕ್ಕೂ ಕಾಗದ ಮುಟ್ಟಿಸುವ ಊರಿನ ಪೋಸ್ಟ್‌ಮ್ಯಾನ್ ಹಾಗೆ.

2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೇ ‘ಇಂಪೋರ್ಟ್’ ಸೇರಿತು. ಬ್ರೌಸರಿನಲ್ಲಿ ಫೈಲು ದೂರದ ಸರ್ವರಿನಿಂದ ಬರಬೇಕು. ಒಂದೊಂದು ಊಹೆಗೂ ಅಲ್ಲಿಗೆ ಹೋಗಿಬರಬೇಕಾದರೆ ಸಮಯ, ಡೇಟಾ ಎರಡೂ ದಂಡ. ಹಾಗಾಗಿ ಬ್ರೌಸರು ಊಹಿಸುವುದಿಲ್ಲ. 2018ರಲ್ಲಿ ರಯಾನ್ ಡಾಲ್ ಬರ್ಲಿನ್‌ನಲ್ಲಿ ಮಾತಾಡುತ್ತ, ಬಾಲ ಬಿಟ್ಟು ಬರೆಯಲು ಬಿಟ್ಟಿದ್ದನ್ನೂ ‘ಇಂಡೆಕ್ಸ್.ಜೆಎಸ್’ ತಂದದ್ದನ್ನೂ ತಮ್ಮ ಪಶ್ಚಾತ್ತಾಪಗಳ ಪಟ್ಟಿಗೆ ಸೇರಿಸಿದರು. 2019ರ ನವೆಂಬರಿನ 13.2 ಆವೃತ್ತಿಯಿಂದ ನೋಡ್‌ನಲ್ಲೂ ‘ಇಂಪೋರ್ಟ್’ ನೇರವಾಗಿ ಬಳಕೆಗೆ ಸಿಕ್ಕಿತು. ಅಲ್ಲಿ ಚುಕ್ಕಿಯಿಂದ ಶುರುವಾಗುವ ವಿಳಾಸಕ್ಕೆ ಬಾಲ ಕಡ್ಡಾಯ. ‘ರಿಕ್ವೈರ್’ ಮಾತ್ರ ಇವತ್ತಿಗೂ ಊಹಿಸುತ್ತದೆ.

ಎರಡೂ ಪದ್ಧತಿ ಜೊತೆಗಿರುವುದರಿಂದಲೇ ಹಳೆಯ ಪಾಠ ನೋಡಿ ಹೊಸ ಕೋಡ್ ಬರೆದವರು ಎಡವುತ್ತಾರೆ. ಅದು ದಡ್ಡತನವಲ್ಲ, ನಿಯಮವೇ ನಡುವೆ ಬದಲಾಗಿದೆ. ತಪ್ಪು ತೋರಿಸಿದರೆ ಮೂರು ನೋಡಿ: ಚುಕ್ಕಿ ಒಂದೋ ಎರಡೋ, ಬಾಲ ಇದೆಯೋ, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಹೊಂದುತ್ತವೆಯೋ. ಅಕ್ಷರದ ಈ ವ್ಯತ್ಯಾಸವನ್ನು ವಿಂಡೋಸ್ ಸಾಮಾನ್ಯವಾಗಿ ಕ್ಷಮಿಸುತ್ತದೆ, ಲಿನಕ್ಸ್ ಸರ್ವರು ಕ್ಷಮಿಸುವುದಿಲ್ಲ.