ಮೊಳದಿಂದ ಮೈಕ್ರಾನಿಗೆ: ಮೊಳಕಾಲ್ಮೂರು, ಚಳ್ಳಕೆರೆಯ ನೇಯ್ಗೆ ಅಳತೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದರೆ, ನೆರೆಯ ಚಳ್ಳಕೆರೆ ಕುರಿಯುಣ್ಣೆಯ ಕಂಬಳಿಗೆ ಹೆಸರಾಗಿದೆ. ನಾಡಿನ ಉಳಿದೆಡೆಯಂತೆ ಇಲ್ಲಿಯೂ ಬಟ್ಟೆಯ ಹಳೆಯ ಅಳತೆಗೋಲು ಮನುಷ್ಯನ ಮೈಯೇ: ಬೆರಳು, ಗೇಣು, ಮೊಳ, ಮಾರು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು.

ಬ್ರಿಟಿಷರ ಕಾಲದಲ್ಲಿ ಫುಟ್, ಇಂಚು, ಯಾರ್ಡುಗಳು ಬಂದಾಗ ಕನ್ನಡದ ಅಡಿ, ಅಂಗುಲ, ಗಜ ಎಂಬ ಹೆಸರುಗಳೇ ಅವುಗಳಿಗೂ ಅಂಟಿಕೊಂಡವು. ಹೆಸರು ಉಳಿಯಿತು, ಉದ್ದ ಬದಲಾಯಿತು. ಬೆರಳಗಲದ ಹಳೆಯ ಅಂಗುಲದಲ್ಲಿ ಎಣಿಸಿದರೆ ಒಂದು ಮೊಳಕ್ಕೆ 24. ಇಂಚೆಂಬ ಹೊಸ ಅಂಗುಲದಲ್ಲಿ ಸುಮಾರು 18. ಹದಿನೆಂಟು ಮೊಳದ ಸೀರೆ ಹೀಗೆ ಒಂಬತ್ತು ಗಜದ್ದಾಯಿತು.

ಭಾರತ 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿತು. 1962ರ ವೇಳೆಗೆ ಅದು ಕಡ್ಡಾಯವಾಯಿತು. ಇಂಚಿನ ಲೆಕ್ಕವೂ ಆ ಹೊತ್ತಿಗೆ ಸರಳವಾಗಿತ್ತು. ಅದುವರೆಗೆ ಅಮೆರಿಕದ ಇಂಚು 25.4 ಮಿಲಿಮೀಟರಿಗಿಂತ ಸುಮಾರು 51 ನ್ಯಾನೋಮೀಟರ್ ಹೆಚ್ಚು, ಬ್ರಿಟನ್ನಿನದು ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ಕಡಿಮೆ ಇತ್ತು. 1959ರ ಜುಲೈ 1ರಿಂದ ಇಂಗ್ಲಿಷ್ ಭಾಷಿಕ ರಾಷ್ಟ್ರಗಳು ಇಂಚನ್ನು ನಿಖರವಾಗಿ 25.4 ಮಿಲಿಮೀಟರ್ ಎಂದು ನಿಗದಿಪಡಿಸಿದವು. ಆದ್ದರಿಂದ ಒಂದು ಇಂಚಿಗೆ 25,400 ಮೈಕ್ರಾನ್, ಅಂದರೆ 2,54,00,000 ನ್ಯಾನೋಮೀಟರ್. ಒಂದು ಗಜಕ್ಕೆ 9,14,400 ಮೈಕ್ರಾನ್. ಮಿಲಿಮೀಟರಿನಿಂದ ಮೈಕ್ರಾನಿಗೆ, ಅಲ್ಲಿಂದ ನ್ಯಾನೋಮೀಟರಿಗೆ ಹೋಗಲು ದಶಮಾಂಶ ಬಿಂದುವನ್ನು ಸರಿಸಿದರೆ ಸಾಕು.

ಇಡೀ ಸೀರೆಯ ಮಟ್ಟದಲ್ಲಿ ಈ ನಿಖರತೆ ಬೇಕಿಲ್ಲ. ಆರು ಗಜವೆಂದರೆ 5.4864 ಮೀಟರ್, ಅದನ್ನು ಐದೂವರೆ ಮೀಟರ್ ಎಂದರೆ ವ್ಯತ್ಯಾಸ ಅರ್ಧ ಇಂಚಿನ ಆಸುಪಾಸು. ಹಾಸಿನ (ಉದ್ದದ) ಎಳೆಗಳನ್ನು ಸಂದುಗಳಲ್ಲಿ ಹಿಡಿದಿಡುವ ಮಗ್ಗದ ಹಣಿಗೆಯಲ್ಲಿ ಹಾಗಲ್ಲ. ಹಣಿಗೆಯ ನಂಬರನ್ನು ಎರಡು ಇಂಚಿನಲ್ಲಿರುವ ಸಂದುಗಳ ಸಂಖ್ಯೆಯಿಂದ ಹೇಳುವ ಪದ್ಧತಿಯುಂಟು. ನೂರನೇ ನಂಬರಿನ ಹಣಿಗೆಯಲ್ಲಿ ಒಂದು ಸಂದಿಗೆ 508 ಮೈಕ್ರಾನ್. ಸಂದಿಗೆ ಎರಡು ಎಳೆ ಪೋಣಿಸಿದರೆ ಎಳೆಯೊಂದಕ್ಕೆ 254 ಮೈಕ್ರಾನ್ ಜಾಗ. 48 ಇಂಚು ಪನ್ನದ (ಅಗಲದ) ಬಟ್ಟೆಗೆ 4,800 ಹಾಸಿನ ಎಳೆಗಳು ಬೇಕು. 254ನ್ನು ಸಲೀಸಿಗೆಂದು 250 ಎಂದು ಹಿಡಿದರೆ ಅಷ್ಟೇ ಎಳೆಗಳಿಗೆ ಪನ್ನ 19.2 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚಿನಷ್ಟು ಕಿರಿದಾಗುತ್ತದೆ. ಸಣ್ಣ ಮಾನದಲ್ಲಿ ಬಿಟ್ಟ ನಾಲ್ಕು ಮೈಕ್ರಾನ್ ಎಳೆಯೆಳೆಗೂ ಕೂಡುತ್ತಾ ಹೋಗುವುದೇ ಇದಕ್ಕೆ ಕಾರಣ.

ನೂಲಿನೊಳಗಿನ ಎಳೆಯನ್ನು ಅಳೆಯುವಾಗ ಇಂಚು ಕೈಗೆ ಸಿಗುವುದೇ ಇಲ್ಲ. ಅಂಟು ತೆಗೆದ ರೇಷ್ಮೆಯ ಒಂಟಿ ಎಳೆ ಹತ್ತು ಹನ್ನೆರಡು ಮೈಕ್ರಾನ್ ದಪ್ಪ. ಒತ್ತಾಗಿ ಜೋಡಿಸಿದರೆ ಒಂದು ಇಂಚಿಗೆ ಎರಡು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಕಂಬಳಿಗೆ ಬಳಸುವ ದಕ್ಕನಿ ಕುರಿಯ ಒರಟು ಉಣ್ಣೆ ಸಾಮಾನ್ಯವಾಗಿ 30 ಮೈಕ್ರಾನಿಗೂ ದಪ್ಪ. ಬಟ್ಟೆಯ ಉದ್ದಕ್ಕೆ ಗಜ, ಹಣಿಗೆಗೆ ಇಂಚು, ಎಳೆಗೆ ಮೈಕ್ರಾನ್ ಎಂಬ ಮೂರು ಮಾನಗಳನ್ನು 25.4 ಎಂಬ ಒಂದೇ ಸಂಖ್ಯೆ ಬೆಸೆದಿದೆ.